ಒಂದು ಕಾಲುವೆ, ಮೂರು ಎಣಿಕೆ

ನಮ್ಮ ಮನೆ ರೋಣದಲ್ಲಿ. ಅಕ್ಕನನ್ನು ಕೊಟ್ಟದ್ದು ನರಗುಂದಕ್ಕೆ. ಎರಡೂ ಗದಗ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳು. 2024ರ ಮೇ 7ರಂದು ಇಬ್ಬರ ಬೆರಳಿಗೂ ಮೈಸೂರಿನಲ್ಲಿ ತಯಾರಾದ ಅದೇ ಮಸಿ ಹತ್ತಿತು. ಸಂಜೆ ಅಕ್ಕ ಫೋನಿನಲ್ಲಿ, “ತಮ್ಮಾ, ನಿಮ್ಮ ಕಡೆ ನಿಂತವರ ಹೆಸರು ನಮ್ಮ ಮಷೀನಿನಾಗ ಇರಲೇ ಇಲ್ಲಲ್ಲೋ” ಎಂದಳು. ಇರುವುದಾದರೂ ಹೇಗೆ? ನಾನು ಮತವಿತ್ತದ್ದು ಹಾವೇರಿ ಲೋಕಸಭಾ ಕ್ಷೇತ್ರದಲ್ಲಿ, ಆಕೆ ಬಾಗಲಕೋಟೆಯದರಲ್ಲಿ. ಅದನ್ನು ವಿವರಿಸಹೊರಟಾಗಲೇ, ಮಹಾಚುನಾವಣೆಯೆಂಬ ಮಾತನ್ನು ನಾನೂ ಎಷ್ಟು ಮೇಲುಮೇಲಾಗಿ ಬಳಸುತ್ತಿದ್ದೆನೆಂಬುದು ತಿಳಿದದ್ದು.

ಒಂದು ಸಭೆ ಪೂರ್ತಿಯಾಗಿ ವಿಸರ್ಜನೆಗೊಂಡು, ಅದರ ಎಲ್ಲ ಸ್ಥಾನಗಳಿಗೂ ಹೊಸದಾಗಿ ಆಯ್ಕೆ ನಡೆಯುವುದೇ ಸಾರ್ವತ್ರಿಕ ಚುನಾವಣೆ. ತೆರವಾದ ಒಂದು ಸ್ಥಾನಕ್ಕೆ ನಡೆದರೆ ಅದು ಉಪಚುನಾವಣೆ. ಆದರೆ ನಮ್ಮ ದೇಶದಲ್ಲಿ ‘ಸರ್ಕಾರ’ಕ್ಕೆಂದು ಯಾರೂ ಮತ ಹಾಕುವುದಿಲ್ಲ. ಪ್ರಧಾನಿಯಾಗಬೇಕಾದವರ ಹೆಸರು ಅವರದೇ ಕ್ಷೇತ್ರದ ಆಚೆ ಎಲ್ಲಿಯೂ ಕಾಣಿಸದು. ನಡೆಯುವುದು 543 ಬೇರೆ ಬೇರೆ ಚುನಾವಣೆಗಳು. ಅವುಗಳ ಮೊತ್ತಕ್ಕೆ ನಾವು ಒಂದೇ ಹೆಸರಿಟ್ಟಿದ್ದೇವೆ, ಅಷ್ಟೆ.

1951-52ರ ಮೊದಲ ಚುನಾವಣೆಯಲ್ಲಿ ನಮ್ಮ ಹಿರಿಯರು ಆರಿಸಿದ ವಿಧಾನಸಭೆ ಬೆಂಗಳೂರಿನದಲ್ಲ, ಮುಂಬಯಿಯದು. ಧಾರವಾಡ ಜಿಲ್ಲೆ ಆಗ ಮುಂಬಯಿ ರಾಜ್ಯದಲ್ಲಿತ್ತು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು. 1956ರಲ್ಲಿ ರಾಜ್ಯದ ಗೆರೆ ಬದಲಾಯಿತು, ಊರು ಇದ್ದಲ್ಲಿಯೇ ಇತ್ತು.

ಈ ಗೆರೆಯ ಮಾತನ್ನೇ ಹೇಳಬೇಕೆಂದಿದ್ದೇನೆ. ಕರ್ನಾಟಕದ 224 ವಿಧಾನಸಭಾ ಕ್ಷೇತ್ರಗಳನ್ನು ಎಂಟೆಂಟರಂತೆ ಕೂಡಿಸಿದರೆ 28 ಲೋಕಸಭಾ ಕ್ಷೇತ್ರಗಳಾಗುತ್ತವೆ. 2001ರ ಜನಗಣತಿಯನ್ನು ಆಧರಿಸಿ ಪುನರ್ವಿಂಗಡಣಾ ಆಯೋಗ ಎಳೆದು, 2008ರಲ್ಲಿ ಜಾರಿಗೆ ಬಂದ ಗೆರೆಯಂತೆ ರೋಣ ಹಾವೇರಿಗೆ ಹೋಯಿತು, ನರಗುಂದ ಬಾಗಲಕೋಟೆಗೆ. ಗಜೇಂದ್ರಗಡ ಈಗ ತಾನೇ ಒಂದು ತಾಲ್ಲೂಕು. ಆದರೂ ಮತದ ಲೆಕ್ಕದಲ್ಲಿ ಅದು ರೋಣದ ಒಳಗೇ ಇದೆ. ತಾಲ್ಲೂಕನ್ನು ರಚಿಸುವವರು ಬೇರೆ, ಕ್ಷೇತ್ರವನ್ನು ಕೊರೆಯುವವರು ಬೇರೆ.

ಇದರಿಂದ ಕೆಡುವುದೇನು ಎನ್ನುವವರು ಮಲಪ್ರಭೆಯ ಬಲದಂಡೆ ಕಾಲುವೆಯನ್ನು ನೆನೆಯಬೇಕು. ನವಲಗುಂದ, ನರಗುಂದ, ರೋಣ ತಾಲ್ಲೂಕುಗಳ ರೈತರು ಕಾಯುವುದು ಅದೇ ನೀರಿಗೆ. ನೀರು ಬಾರದ ಹೊಲಕ್ಕೂ ಕರ ಬಂದಾಗ ಎದ್ದ ಚಳವಳಿ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಳೀಬಾರಿನಲ್ಲಿ ಮುಗಿದು, ಜೀವಗಳು ಹೋದವು. 1983ರಲ್ಲಿ ರಾಜ್ಯದ ಆಡಳಿತವೇ ಬದಲಾಯಿತು. ಅದೊಂದೇ ಕಾರಣವಲ್ಲ, ಆದರೆ ಕಾರಣಗಳಲ್ಲಿ ಅದೂ ಒಂದು. ಈಗ ಲೋಕಸಭೆಯ ಮಟ್ಟಿಗೆ ನವಲಗುಂದ ಧಾರವಾಡಕ್ಕೆ ಸೇರಿದೆ. ನೀರಿನ ಕೂಗು ಒಂದೇ. ಅದನ್ನು ಎಣಿಸುವುದು ಮೂರು ಕಡೆ, ಪ್ರತಿಯೊಂದರಲ್ಲಿಯೂ ಅದು ಎಂಟರಲ್ಲೊಂದು ಪಾಲಿನ ದನಿ.

ನೆದರ್ಲೆಂಡ್ಸಿನಲ್ಲಿ ಹೀಗಾಗದು. ಅಲ್ಲಿ ಇಡೀ ದೇಶದ ಮತಗಳನ್ನು ಒಟ್ಟುಗೂಡಿಸಿ, ಪಕ್ಷಗಳು ಪಡೆದ ಪ್ರಮಾಣಕ್ಕೆ ಅನುಗುಣವಾಗಿ 150 ಸ್ಥಾನಗಳನ್ನು ಹಂಚುತ್ತಾರೆ. ಅಕ್ಕನ ಮತ, ನನ್ನ ಮತ ಒಂದೇ ರಾಶಿಗೆ ಬೀಳುತ್ತಿದ್ದವು. ಆದರೆ ಅಲ್ಲಿ ‘ಇವರು ನಮ್ಮ ಊರಿನ ಕಡೆಯ ಸದಸ್ಯರು’ ಎಂದು ಹೋಗಿ ಬಾಗಿಲು ತಟ್ಟಲು ಯಾರೂ ಇಲ್ಲ. ನಮಗೆ ಮಾದರಿಯಾದ ಬ್ರಿಟನ್ನಿನಲ್ಲಿ ಬಾಗಿಲೇನೋ ಇದೆ. ಲೆಕ್ಕ ಮಾತ್ರ ವಿಚಿತ್ರ. 2024ರಲ್ಲಿ ಸುಮಾರು ಶೇಕಡ 34ರಷ್ಟು ಮತ ಪಡೆದ ಲೇಬರ್ ಪಕ್ಷಕ್ಕೆ 650ರಲ್ಲಿ 400ಕ್ಕೂ ಹೆಚ್ಚು ಸ್ಥಾನಗಳು ಸಿಕ್ಕವು. ಜರ್ಮನರು ಮತದಾರನ ಕೈಗೆ ಎರಡು ಮತ ಕೊಟ್ಟಿದ್ದಾರೆ, ಒಂದು ಕ್ಷೇತ್ರದ ವ್ಯಕ್ತಿಗೆ, ಇನ್ನೊಂದು ಪಕ್ಷಕ್ಕೆ. ನನ್ನ ಒಲವು ಆ ಕಡೆಗೆ. ಆದರೆ ನಮ್ಮಲ್ಲಿ ಒಂದು ಮತದ ಎಣಿಕೆಗೇ ಇಷ್ಟು ಜಗಳವಿರುವಾಗ ಜೋರಾಗಿ ಹೇಳಲು ಹಿಂಜರಿಯುತ್ತೇನೆ.

ಇದನ್ನೆಲ್ಲ ಕೇಳಿದ ಅಕ್ಕ, “ಅದಿರಲಿ, ಕಾಲುವಿ ನೀರಿನ ಮಾತು ಯಾರ ಮುಂದ ಹೇಳೂದು?” ಎಂದಳು. ಹಾವೇರಿ, ಬಾಗಲಕೋಟೆ, ಧಾರವಾಡ ಎಂದು ಮೂರು ಹೆಸರು ಹೇಳಿದೆ.

“ಹಂಗಾದ್ರ ಮೂರೂ ಮಂದಿಗೆ ಒಂದೊಂದು ಅರ್ಜಿ ಬರಿ” ಎಂದಳು.