ನಾಲೆಯ ಹೂಳೂ ನಮ್ಮ ಹೊಣೆಯೂ

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದರೆಂಬ ಗಾದೆ ನಮ್ಮ ವಾಚಕರಿಗೆ ಹೊಸದಲ್ಲ. ಹಳ್ಳಗಳ ಹೂಳೆತ್ತುವ ಕೆಲಸವು ರೋಹಿಣಿ ಮಳೆಗೆ ಮೊದಲೇ ಮುಗಿಯಬೇಕಾದುದು. ಮೃಗಶಿರೆ ಸುರಿಯತೊಡಗಿದ ಮೇಲೆ ಅದನ್ನು ಆರಂಭಿಸಿ, ಎತ್ತಿದ ಕೆಸರನ್ನು ದಂಡೆಯ ಮೇಲೆಯೇ ಬಿಟ್ಟರೆ, ಆರಿದ್ರೆಯ ನೀರು ಅದನ್ನು ತಿರುಗಿ ಹಳ್ಳಕ್ಕೆ ಇಳಿಸುವುದು. ಹಣವೂ ಹೋಗಿ ಹೂಳೂ ಉಳಿಯುವುದು. ಬೆಳಗಾವಿ ನಗರ ಹಾಗೂ ಖಾನಾಪುರ ತಾಲೂಕಿನ ನೆರೆಯ ಪ್ರಶ್ನೆಯನ್ನು ಕುರಿತು ನಾವು ಮೊದಲು ಹೇಳಬೇಕಾದ ಮಾತು ಇದೇ.

ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು 750 ಮೀಟರು ಎತ್ತರದಲ್ಲಿರುವ ಊರು. ಇಷ್ಟು ಎತ್ತರದ ಊರಿಗೆ ನೆರೆಯ ಬಾಧೆ ಏಕೆಂದು ಪರಸ್ಥಳದವರು ಕೇಳಬಹುದು. ಸಹ್ಯಾದ್ರಿಯ ಮಗ್ಗುಲಿನ ಈ ಊರಿನ ಮೇಲೆ ಬೀಳುವ ಮಳೆ ಹರಿದುಹೋಗಲು ಇರುವ ದಾರಿಗಳು ಕೆಲವೇ. ಅವುಗಳಲ್ಲಿ ಮುಖ್ಯವಾದುದು ಬಳ್ಳಾರಿ ನಾಲಾ. ಯಳ್ಳೂರು, ಅನಗೋಳ, ವಡಗಾಂವ, ಶಹಾಪುರಗಳ ತಗ್ಗು ಭೂಮಿಯ ನೀರು ಇದರ ಪಾಲಿಗೆ. ಬೇಸಿಗೆಯಲ್ಲಿ ನಗರದ ಹೊಲಸನ್ನು ಹೊರುವ ಈ ನಾಲಾ, ಹೂಳು, ಜೊಂಡು ಮತ್ತು ಅತಿಕ್ರಮಣಗಳಿಂದ ಕಿರಿದಾದ ಪಾತ್ರದಲ್ಲಿ ಮಳೆಗಾಲದ ನೀರನ್ನು ಸಾಗಿಸಲಾರದೆ, ಎರಡೂ ಮಗ್ಗುಲಿನ ಗದ್ದೆಗಳಿಗೆ ನುಗ್ಗುತ್ತದೆ. ಸುವಾಸನೆಗೆ ಹೆಸರಾದ ಬೆಳಗಾವಿ ಬಾಸುಮತಿ ಬೆಳೆಯುವ ಗದ್ದೆಗಳಿವು. ಕೆಲವು ದಿನ ನೀರು ನಿಂತರೆ ಎಳೆಯ ಪೈರು ಕೊಳೆಯುತ್ತದೆ. ರೈತನು ಸಾಲ ಮಾಡಿ ಎರಡನೆಯ ಸಲ ನಾಟಿಗಿಳಿಯಬೇಕಾಗುತ್ತದೆ. 2019ರ ಆಗಸ್ಟಿನಲ್ಲಂತೂ ನೀರು ಗದ್ದೆಗಳನ್ನು ದಾಟಿ ನಗರದ ಬಡಾವಣೆಗಳಿಗೇ ಬಂದಿತು.

ನಗರದ ಕಷ್ಟವು ಇದಾದರೆ, ದಕ್ಷಿಣಕ್ಕಿರುವ ಖಾನಾಪುರ ತಾಲೂಕಿನ ಕಷ್ಟವು ಬೇರೆ ಬಗೆಯದು. ಮಲಪ್ರಭೆಯು ಈ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 300 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಕಣಕುಂಬಿ, ಜಾಂಬೋಟಿಗಳ ಕಾಡಿನ ಮಳೆ ಬಯಲುಸೀಮೆಯವರ ಊಹೆಗೆ ನಿಲುಕದು. ಅಲ್ಲಿ ನೀರು ಮನೆಗೆ ನುಗ್ಗುವುದಕ್ಕಿಂತ ದಾರಿಯನ್ನು ಕಡಿಯುವುದೇ ಹೆಚ್ಚು. ಖಾನಾಪುರದಿಂದ ಹೆಮ್ಮಡಗಾಕ್ಕೆ ಹೋಗುವ ಮಾರ್ಗದಲ್ಲಿ ಹಾಲತ್ರಿ ಹಳ್ಳದ ತಗ್ಗಿನ ಸೇತುವೆ ಮುಳುಗಿತೆಂದರೆ ಕಾಡಿನ ಹಳ್ಳಿಗಳಿಗೂ ತಾಲೂಕು ಕಚೇರಿಗೂ ನೇರ ಸಂಬಂಧ ತಪ್ಪಿಹೋಯಿತು. ಶಾಲೆಯ ಮಕ್ಕಳು ಮನೆಯಲ್ಲಿ, ಬಾಣಂತಿ ದೇವರ ಕೈಯಲ್ಲಿ! 2024ರ ಜುಲೈಯಲ್ಲಿ ಭೀಮಗಡ ಅರಣ್ಯದ ಆಮಗಾಂವದ ಜನರು ರೋಗಪೀಡಿತ ಮಹಿಳೆಯೊಬ್ಬಳನ್ನು ಸುರಿಯುವ ಮಳೆಯಲ್ಲಿ ಹೆಗಲ ಮೇಲೆ ಹೊತ್ತು ಹಲವು ಕಿಲೋಮೀಟರು ನಡೆದ ಸಂಗತಿಯನ್ನು ನಾವಾರೂ ಮರೆಯಲಾಗದು. ಸೇತುವೆಯೆಂದರೆ ಕೇವಲ ಕಲ್ಲುಗಾರೆಯಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಸೇತುವೆಗೂ ನೆರೆಗೂ ಇರುವ ಸಂಬಂಧವನ್ನು ಅಧಿಕಾರಿವರ್ಗದವರು ಬಲ್ಲರು. ಕೊಚ್ಚಿಬಂದ ಮರದ ದಿಮ್ಮಿ, ಬಿದಿರು, ಕಸಗಳು ಕಂಬಗಳ ನಡುವೆ ಸಿಕ್ಕಿದರೆ ಸೇತುವೆಯೇ ಒಡ್ಡಾಗಿ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಬಾಂದಾರಿನ ಹಲಗೆಗಳನ್ನು ಸಕಾಲದಲ್ಲಿ ತೆಗೆಯದಿದ್ದರೂ ಫಲ ಅದೇ. ಇತ್ತ, ರಭಸದ ಸೆಳೆತವು ಕಂಬದ ಬುಡದ ಮಣ್ಣನ್ನು ಕೊರೆಯುತ್ತದೆ. ಮೇಲಿನ ಡಾಂಬರು ನೆಟ್ಟಗಿದ್ದರೂ ಕೆಳಗಿನ ಆಧಾರ ಹೋಗಿರಬಹುದು. ಬೆಳಗಾವಿಯಿಂದ ಚೋರ್ಲಾ ಘಾಟಿನ ಮೂಲಕ ಗೋವೆಗೆ ಹೋಗುವ ದಾರಿಯಲ್ಲಿ, ಕುಸಮಳಿಯ ಹಳೆಯ ಸೇತುವೆಯು ಶಿಥಿಲವಾಗಿ ಭಾರೀ ವಾಹನಗಳನ್ನು ನಿಲ್ಲಿಸಬೇಕಾದುದನ್ನೂ, ಆ ಬಳಿಕ ಹೊಸದನ್ನು ಕಟ್ಟಬೇಕಾದುದನ್ನೂ ನಾವು ಕಂಡಿದ್ದೇವೆ.

ನಾವು ಯಾರನ್ನೂ ಹಳಿಯಲೆಂದು ಲೇಖನಿ ಹಿಡಿದಿಲ್ಲ. ಹೂಳೆತ್ತುವ ಕೆಲಸಕ್ಕೆ ಶಂಕುಸ್ಥಾಪನೆಯ ಕಲ್ಲಿಲ್ಲ, ಹಾರತುರಾಯಿಗಳಿಲ್ಲ. ಆದುದರಿಂದಲೇ ಅದು ಹಿಂದೆ ಬೀಳುತ್ತದೆ. ಮೇಲಾಗಿ ಹಳ್ಳವು ಒಂದೇ ಆದರೂ ಅದರ ಯಜಮಾನರು ಹಲವರು. ನಗರದೊಳಗೆ ಮಹಾನಗರಪಾಲಿಕೆ, ಹೊರಗೆ ಗ್ರಾಮಪಂಚಾಯತಿ, ಸೇತುವೆಗೆ ಲೋಕೋಪಯೋಗಿ ಇಲಾಖೆ, ಕಾಡಿನಲ್ಲಿ ಅರಣ್ಯ ಇಲಾಖೆ. ಮೇಲಿನವರು ಹೂಳೆತ್ತಿ ಕೆಳಗಿನವರು ಸುಮ್ಮನಿದ್ದರೆ ಒಬ್ಬರ ನೀರು ಇನ್ನೊಬ್ಬರ ಮನೆಗೆ ಹೋಗುವುದಷ್ಟೆ. ಇವರೆಲ್ಲರನ್ನೂ ಒಂದೆಡೆ ಕೂಡಿಸುವ ಅಧಿಕಾರವು ಇಲ್ಲದಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯಿದೆಯು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವನ್ನು ನಿರ್ಮಿಸಿದೆ. ನೆರೆ ಬಂದ ಮೇಲೆ ಪರಿಹಾರ ಹಂಚುವುದರಂತೆ, ಬರುವ ಮೊದಲು ತಡೆಯುವುದೂ ಅದರ ಕರ್ತವ್ಯ.

ಆದುದರಿಂದ ನಮ್ಮ ಸೂಚನೆಗಳು ಇವು. ಪ್ರತಿವರ್ಷ ಜನವರಿಯಲ್ಲಿಯೇ ಎಲ್ಲ ಇಲಾಖೆಗಳೂ ಕೂಡಿ ಹಳ್ಳಗಳನ್ನು ಕಾಲ್ನಡೆಯಿಂದ ನೋಡಿಬರಲಿ. ಹೂಳೆತ್ತುವುದನ್ನು ಕೆಳಗಿನಿಂದ ಮೇಲಕ್ಕೆ ಸಾಗಿಸಿ ಮೇ ತಿಂಗಳ ನಡುವೆಯೇ ಮುಗಿಸಲಿ. ಎತ್ತಿದ ಮಣ್ಣನ್ನು ದೂರ ಸಾಗಿಸಿದ ಹೊರತು ಗುತ್ತಿಗೆದಾರನಿಗೆ ಹಣ ಸಲ್ಲದಿರಲಿ. ಸೇತುವೆಗಳ ಕಂಬದ ಬುಡವನ್ನು ಮಳೆಗಾಲದ ಮೊದಲೂ ಅನಂತರವೂ ಪರೀಕ್ಷಿಸಲಿ. ಕಾಡಿನ ಊರುಗಳ ತಗ್ಗಿನ ಸೇತುವೆಗಳನ್ನು ಎತ್ತರಿಸುವ ಕೆಲಸಕ್ಕೆ ಅಗ್ರಸ್ಥಾನ ದೊರೆಯಲಿ.

ಪೌರರ ಹೊಣೆಯೂ ಸಣ್ಣದಲ್ಲ. ಗಟಾರಕ್ಕೆ ಎಸೆದ ಪ್ಲಾಸ್ಟಿಕ್ ಚೀಲವು ನಾಲೆಯ ಬಾಯನ್ನು ಕಟ್ಟಿದಾಗ ಪಾಲಿಕೆಯೊಂದನ್ನೇ ದೂರುವುದು ನ್ಯಾಯವಲ್ಲ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ನೆರೆದಾಗ, ಬಂದವರಿಗೆ ನೀರು ಸಾಲದೆಂದು ಮುಂದಾಗಿ ಯೋಚಿಸಿ ಟಿಳಕವಾಡಿಯಲ್ಲಿ ಬಾವಿ ತೋಡಿದ ಊರು ಇದು. ಬಾಯಾರುವ ಮೊದಲೇ ಬಾವಿ ತೋಡಿದವರ ಊರಿನಲ್ಲಿ, ಮಳೆಗೆ ಮೊದಲೇ ನಾಲಾ ಶುಚಿಯಾಗಬೇಕೆಂದು ಕೇಳುವುದು ಅತಿಯಾಸೆಯಲ್ಲವೆಂದು ನಾವು ನಂಬಿದ್ದೇವೆ.