ನಿದ್ದೆ ಬಂದರೆ ಗಾಡಿ ನಿಲ್ಲಿಸಿ, ಮನೆಯವರು ಕಾಯುತ್ತಾರೆ

ಕರಾವಳಿಯಿಂದ ಕಲಬುರಗಿಯ ಖಾಜಾ ಬಂದೇ ನವಾಝ್ ದರ್ಗಾಕ್ಕೆ ಝಿಯಾರತ್ ಹೊರಟರೂ, ಬೆಂಗಳೂರಿನ ಮದುವೆಗೆ ಹೊರಟರೂ ನಮ್ಮವರಿಗೆ ರಾತ್ರಿ ಪ್ರಯಾಣವೇ ಇಷ್ಟ. ಮಕ್ಕಳು ಮಲಗಿರುತ್ತಾರೆ, ಟ್ರಾಫಿಕ್ ಕಡಿಮೆ, ಒಂದು ಹಗಲು ಉಳಿಯುತ್ತದೆ. ಈ ಲೆಕ್ಕದಲ್ಲಿ ಬಿಟ್ಟುಹೋಗುವುದು ಸ್ಟೇರಿಂಗ್ ಹಿಡಿದವನ ನಿದ್ದೆ.

ಘಾಟಿಯ ತಿರುವುಗಳಲ್ಲಿ ಭಯವೇ ನಮ್ಮನ್ನು ಎಚ್ಚರವಾಗಿಡುತ್ತದೆ. ಘಾಟಿ ಹತ್ತಿದ ಮೇಲೆ ಅಪಾಯ ಮುಗಿಯಿತೆಂದು ತಿಳಿಯಬೇಡಿ. ರಾಯಚೂರು, ದೇವದುರ್ಗ, ಕೃಷ್ಣೆಯ ದಡದ ಗೂಗಲ್ ಕಡೆಯ ಬಯಲು ದಾರಿಗಳಲ್ಲಿ ಕಣ್ಣಿಗೆ ಕೆಲಸ ಕಡಿಮೆ, ಜೋಂಪು ಬೇಗ ಹತ್ತುತ್ತದೆ. ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮೂರು ಸೆಕೆಂಡು ಕಣ್ಣು ಮುಚ್ಚಿದರೆ 66 ಮೀಟರ್ ದಾರಿ ಯಾರೂ ನೋಡದೆ ಕಳೆದುಹೋಗುತ್ತದೆ.

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಬಳಿ ನಿಂತಿದ್ದ ಲಾರಿಗೆ ಟಿಟಿ ವಾಹನ ಡಿಕ್ಕಿ ಹೊಡೆದು 13 ಮಂದಿ ತೀರಿಕೊಂಡರು. ದೇವಸ್ಥಾನಗಳಿಗೆ ಹೋಗಿ ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಯವರು ಅವರು. ಚಾಲಕ ನಿದ್ದೆಗೆ ಜಾರಿರಬಹುದೆಂಬ ಶಂಕೆ ಆಗ ವ್ಯಕ್ತವಾಗಿತ್ತು.

ರಾತ್ರಿ 2ರಿಂದ ಬೆಳಗ್ಗೆ 6ರವರೆಗೆ ದೇಹ ತಾನಾಗಿಯೇ ನಿದ್ದೆ ಕೇಳುವ ಹೊತ್ತು. ಊಟದ ನಂತರದ ಮಧ್ಯಾಹ್ನವೂ ಹಾಗೆಯೇ. 17 ಗಂಟೆ ನಿದ್ದೆಯಿಲ್ಲದೆ ಇದ್ದವನ ಚುರುಕುತನ, ಕಾನೂನಿನ ಮಿತಿ ಮೀರಿ ಕುಡಿದವನಷ್ಟೇ ಕುಸಿದಿರುತ್ತದೆ. ಮದ್ಯ ಮುಟ್ಟದ ನಮಗೂ ಈ ಮಾತು ಅನ್ವಯಿಸುತ್ತದೆ. ರಮಝಾನ್‌ನಲ್ಲಿ ತರಾವೀಹ್ ಮತ್ತು ಸಹರಿಯ ನಡುವೆ ಅರೆನಿದ್ದೆ ಮಾಡಿದವರು ಇನ್ನಷ್ಟು ಜಾಗ್ರತೆ ವಹಿಸಬೇಕು.

ಪದೇ ಪದೇ ಆಕಳಿಕೆ, ಕಳೆದ ಕೆಲವು ಕಿಲೋಮೀಟರ್ ನೆನಪಿಗೆ ಬಾರದಿರುವುದು, ಗಾಡಿ ಗೆರೆ ದಾಟುವುದು ನಿದ್ದೆಯ ಗುರುತುಗಳು. ಗ್ಲಾಸ್ ಇಳಿಸಿದರೆ, ಹಾಡು ಜೋರು ಮಾಡಿದರೆ ನಿದ್ದೆ ಹೋಗದು. ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿ ಒಂದು ಕಾಫಿ ಕುಡಿದು 20 ನಿಮಿಷ ಮಲಗಿ. ಏಳುವ ಹೊತ್ತಿಗೆ ಕಾಫಿಯೂ ಕೆಲಸ ಶುರು ಮಾಡಿರುತ್ತದೆ.

ಬಾಡಿಗೆ ಗಾಡಿಯಾದರೆ ಡ್ರೈವರ್ ಹಗಲಿಡೀ ಓಡಿಸಿದ್ದಾನೆಯೇ ಎಂದು ಹೊರಡುವ ಮುಂಚೆ ಕೇಳಿ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ಕೆಲಸ, ಐದು ಗಂಟೆಯೊಳಗೆ ಅರ್ಧ ಗಂಟೆ ವಿರಾಮ ಎನ್ನುತ್ತಿತ್ತು. ಮುಂದಿನ ಸೀಟಿನವರು ಮಲಗದೆ ಮಾತಾಡುತ್ತಿರಲಿ. ಮನೆಯಲ್ಲಿರುವ ಉಮ್ಮಂದಿರು "ಎಲ್ಲಿ ತಲುಪಿದ್ರಿ?" ಎಂದು ಅವಸರಪಡಿಸುವ ಬದಲು "ನಿದ್ದೆ ಬಂದ್ರೆ ನಿಲ್ಸಿ ಮಲಗು ಮೋನೇ" ಎನ್ನಲಿ. ಆ ಒಂದು ಮಾತಿಗೆ ಮಗ ಗಾಡಿ ನಿಲ್ಲಿಸಿಯಾನು.