ಪೊರೆ ಬಲಿಯಲೆಂದು ಕಾದ ಕಾಲ

ಕಣ್ಣಿನ ಪೊರೆ ಎಂಬುದು ನಿಜಕ್ಕೂ ಪೊರೆಯಲ್ಲ. ಹಾವಿನ ಮೈಗೆ ಪೊರೆ ಬಂದಂತೆ ಕಣ್ಣಿನ ಮೇಲೆ ಏನೂ ಬೆಳೆದು ಕೂರುವುದಿಲ್ಲ. ಮಂಜಾಗುವುದು ಪಾಪೆಯ ಹಿಂದೆ ಅಡಗಿರುವ ಮಸೂರ. ಮಸೂರ ಬೇಳೆಯ ಆಕಾರದಿಂದಲೇ ಅದಕ್ಕೆ ಆ ಹೆಸರು ಬಂದಿದೆ. ಅಗಲ ಸುಮಾರು 9ರಿಂದ 10 ಮಿಲಿಮೀಟರ್. ಅದರಲ್ಲಿ ರಕ್ತನಾಳಗಳಿಲ್ಲ, ಇರುವುದು ನೀರು ಮತ್ತು ಒತ್ತೊತ್ತಾಗಿ ಅಣಿಗೊಂಡ ಪ್ರೋಟೀನು. ಆ ಅಣಿ ಕೆಡದಷ್ಟು ಕಾಲ ಬೆಳಕು ಸಲೀಸಾಗಿ ಹಾದುಹೋಗುತ್ತದೆ. ವಯಸ್ಸಾದಂತೆ ಪ್ರೋಟೀನು ಗಂಟುಗಟ್ಟಿ, ಕರಗಿದ ತುಪ್ಪ ಚಳಿಗೆ ಹೆಪ್ಪುಗಟ್ಟಿದ ಹಾಗೆ ಮಸೂರ ಮಬ್ಬಾಗುತ್ತದೆ. ತುಪ್ಪವನ್ನಾದರೆ ಕಾಯಿಸಿ ಮತ್ತೆ ಕರಗಿಸಬಹುದು. ಮಸೂರವನ್ನು ತಿಳಿಗೊಳಿಸುವ ಹನಿಮದ್ದು, ಗುಳಿಗೆ, ಸೊಪ್ಪಿನ ರಸ ಯಾವುದೂ ಇಲ್ಲ. ಅದನ್ನು ತೆಗೆಯುವುದೊಂದೇ ದಾರಿ.

ವಿಜಯಪುರ ಸೀಮೆಯಲ್ಲಿ 'ಕಣ್ಣಿಗೆ ಪೊರಿ ಬಂದೈತಿ' ಎನ್ನುತ್ತಾರೆ. ಟಿಕೋಟಾದಿಂದ ಪಶ್ಚಿಮಕ್ಕೆ, ಮಹಾರಾಷ್ಟ್ರದ ಗಡಿ ಹತ್ತಿರವಾದಂತೆ, ಮರಾಠಿಯಿಂದ ಬಂದ 'ಮೋತಿಬಿಂದು' ಎಂಬ ಮಾತೂ ಕೇಳುತ್ತದೆ. ಎರಡು ಹೆಸರೂ ಕಾಯಿಲೆಯ ಕೊನೆಯ ಹಂತವನ್ನು ನೋಡಿ ಇಟ್ಟಂಥವು. ಪಾಪೆಯಲ್ಲಿ ಮುತ್ತಿನಂತೆ ಬಿಳುಪು ಕಾಣುವ ಹೊತ್ತಿಗೆ ಮಸೂರ ಪೂರ್ತಿ ಕೆಟ್ಟಿರುತ್ತದೆ. ಅಲ್ಲಿಯವರೆಗೆ ಕಾಯಬೇಕು, ಚಳಿಗಾಲದಲ್ಲೇ ಮಾಡಿಸಬೇಕು, ಆಮೇಲೆ ತಿಂಗಳುಗಟ್ಟಲೆ ಅಲುಗಾಡದೆ ಮಲಗಬೇಕು ಎಂಬ ಮಾತುಗಳು ಇಂದಿಗೂ ಮನೆಮನೆಗಳಲ್ಲಿವೆ. ಇವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಅನ್ಯಾಯ. ಇವೆಲ್ಲ ಒಂದು ಕಾಲದ ವೈದ್ಯಕೀಯ ಉಳಿಸಿಹೋದ ನೆನಪುಗಳು.

ಈ ನೆನಪಿನ ಬೇರು ಸುಶ್ರುತ ಸಂಹಿತೆಯವರೆಗೂ ಹೋಗುತ್ತದೆ. ಅದರ ಉತ್ತರತಂತ್ರದಲ್ಲಿ ಯವದ, ಅಂದರೆ ಜವೆಗೋದಿಯ ಮೊನೆಯಂಥ ಶಲಾಕೆಯನ್ನು ಕಣ್ಣಿನ ಪಕ್ಕದಿಂದ ಚುಚ್ಚುವ ಚಿಕಿತ್ಸೆಯ ವಿವರವಿದೆ. ಎಡಗಣ್ಣಿಗೆ ಬಲಗೈ, ಬಲಗಣ್ಣಿಗೆ ಎಡಗೈ ಬಳಸಬೇಕು. ಮುಗಿದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ ಕಟ್ಟಬೇಕು. ರೋಗಿ ಮಲಗಿದ್ದು, ತೇಗು, ಕೆಮ್ಮು, ಸೀನು, ಉಗುಳು ಎಲ್ಲವನ್ನೂ ತಡೆದುಕೊಳ್ಳಬೇಕು. ಇದೇ ಪರಂಪರೆಯಲ್ಲಿ ಮುಂದೆ ಊರೂರು ತಿರುಗಿದವರ ಕೈಯಲ್ಲಿ ಉಳಿದ ವಿಧಾನವೆಂದರೆ ಬಲಿತ ಮಸೂರವನ್ನು ಸೂಜಿಯಿಂದ ಕಣ್ಣಿನೊಳಗೇ ಕೆಳಕ್ಕೆ ದಬ್ಬಿಬಿಡುವುದು. ಬೆಳಕಿನ ದಾರಿ ತೆರವಾಗಿ ರೋಗಿಗೆ ಆ ಗಳಿಗೆಯಲ್ಲೇ ಏನೋ ಕಾಣುತ್ತಿತ್ತು. ಆದರೆ ಕೀವು ತುಂಬಿ, ಇಲ್ಲವೇ ಒತ್ತಡ ಏರಿ ಎಷ್ಟೋ ಕಣ್ಣುಗಳು ಮುಂದೆ ಪೂರ್ತಿ ಹೋಗುತ್ತಿದ್ದವು. ಮದ್ರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿದ್ದ ರಾಬರ್ಟ್ ಹೆನ್ರಿ ಎಲಿಯಟ್, ಹೀಗೆ ಹಾಳಾದ ಕಣ್ಣುಗಳನ್ನು ಅಭ್ಯಾಸ ಮಾಡಿ ಅದರ ಮೇಲೆಯೇ ಒಂದು ಪುಸ್ತಕ ಬರೆದರು.

ಮಸೂರವನ್ನು ದಬ್ಬದೆ ಹೊರಗೇ ತೆಗೆಯುವ ದಾರಿಯನ್ನು ಫ್ರಾನ್ಸಿನ ಝಾಕ್ ದವಿಯೆಲ್ 1747ರಲ್ಲಿ ತೋರಿಸಿದ್ದರು. ಅರಿವಳಿಕೆಯಿಲ್ಲದ ಕಾಲವದು. ಕಣ್ಣನ್ನು ಮರಗಟ್ಟಿಸುವ ಹನಿ 1884ರಲ್ಲಿ ಕಾರ್ಲ್ ಕೊಲ್ಲರ್ ಕೊಕೇನನ್ನು ಬಳಸುವವರೆಗೆ ಬರಲಿಲ್ಲ. ಇಪ್ಪತ್ತನೆಯ ಶತಮಾನದ ಬಹುಭಾಗ ಮಸೂರವನ್ನು ಅದರ ಚೀಲದ ಸಮೇತ ಇಡಿಯಾಗಿ ಎಳೆದು ತೆಗೆಯುತ್ತಿದ್ದರು. ಅದಕ್ಕೆ ಕಣ್ಣಿನ ಮುಂದಿನ ಪಾರದರ್ಶಕ ಪಟಲದ ಅಂಚಿನ ಅರ್ಧ ಸುತ್ತನ್ನೇ ಕೊಯ್ಯಬೇಕಿತ್ತು. ಆ ಗಾಯ ಬಿಚ್ಚದಿರಲೆಂದು ರೋಗಿಯನ್ನು ಅಲುಗಾಡದಂತೆ ದಿನಗಟ್ಟಲೆ ಮಲಗಿಸುತ್ತಿದ್ದರು. ತೆಗೆದ ಮಸೂರಕ್ಕೆ ಬದಲಿ ಇರಲಿಲ್ಲವಾದ್ದರಿಂದ ಸುಮಾರು +10ರ ದಪ್ಪ ಗಾಜಿನ ಚಸ್ಮಾ ಕೊಡುತ್ತಿದ್ದರು. ಜನ ಅದನ್ನು ಸೋಡಾಬುಡ್ಡಿ ಎಂದರು. ಅದರಲ್ಲಿ ಎಲ್ಲವೂ ಕಾಲು ಭಾಗದಷ್ಟು ದೊಡ್ಡದಾಗಿ ಕಾಣುತ್ತಿತ್ತು, ಬದಿಯ ನೋಟ ಇರುತ್ತಿರಲಿಲ್ಲ, ಚಸ್ಮಾ ಒಡೆದರೆ ಮತ್ತೆ ಕುರುಡೇ. ಇಂಥ ನೋಟಕ್ಕಾಗಿ ಅಷ್ಟಿಷ್ಟು ಕಾಣುವ ಕಣ್ಣನ್ನು ಕೊಯ್ಯಿಸುವುದು ಲಾಭದ ಮಾತಾಗಿರಲಿಲ್ಲ. ಅದಕ್ಕೇ 'ಬಲಿಯಲಿ, ಆಮೇಲೆ ನೋಡೋಣ' ಎಂದು ವೈದ್ಯರೇ ಕಳುಹಿಸುತ್ತಿದ್ದರು. ಆ ಕಾಲಕ್ಕೆ ಅದು ಸರಿಯಾದ ಸಲಹೆ.

ಅಂದಿನ ವಿಜಾಪುರ ಜಿಲ್ಲೆ ಈ ಚರಿತ್ರೆಗೆ ಒಬ್ಬ ದೊಡ್ಡ ಮನುಷ್ಯನನ್ನು ಕೊಟ್ಟಿದೆ. ಡಾ. ಮುರುಗಪ್ಪ ಚನ್ನವೀರಪ್ಪ ಮೋದಿ 1916ರಲ್ಲಿ ಹುಟ್ಟಿದ್ದು ಬೀಳಗಿಯಲ್ಲಿ. 1997ರಲ್ಲಿ ಜಿಲ್ಲೆ ಒಡೆದ ಮೇಲೆ ಆ ಊರು ಬಾಗಲಕೋಟೆಗೆ ಸೇರಿತು. ರೋಗಿ ಆಸ್ಪತ್ರೆಗೆ ಬರಲಾರನೆಂದರೆ ಆಸ್ಪತ್ರೆಯೇ ರೋಗಿಯಿದ್ದಲ್ಲಿಗೆ ಹೋಗಬೇಕೆಂಬುದು ಅವರ ನಿಲುವು. ಊರೂರಲ್ಲಿ ಶಿಬಿರ ಹೂಡಿ, ಸಾಲು ಮೇಜುಗಳಲ್ಲಿ ರೋಗಿಗಳನ್ನು ಮಲಗಿಸಿ, ಒಂದರ ನಂತರ ಒಂದು ಕಣ್ಣಿಗೆ ಬೆಳಕು ಕೊಡುತ್ತ ಹೋದರು. ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಕ್ರಿಯೆ ಮಾಡಿದ್ದು ಗಿನ್ನೆಸ್ ದಾಖಲೆಯಾಯಿತು. 1993ರ ಫೆಬ್ರುವರಿಯವರೆಗಿನ ಅವರ ಲೆಕ್ಕ 6,10,564 ಶಸ್ತ್ರಕ್ರಿಯೆ, ಸುತ್ತಿದ ಹಳ್ಳಿಗಳು 46,120. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. 2005ರಲ್ಲಿ ಅವರು ತೀರಿಕೊಂಡರು. ಶಾಲೆ, ಛತ್ರಗಳಲ್ಲಿ ಶಿಬಿರ ನಡೆಯುತ್ತಿದ್ದ ದಿನಗಳಲ್ಲಿ ಸುಗ್ಗಿ ಮುಗಿದ ಮೇಲಿನ ಬಿಡುವು, ಬೆವರು ಧೂಳು ಕಡಿಮೆ ಇರುವ ಹವೆ ಎರಡೂ ಬೇಕಿದ್ದವು. ಕಣ್ಣಿನ ಆಪರೇಶನ್ನಿಗೆ ಚಳಿಗಾಲವೇ ಒಳ್ಳೆಯದೆಂಬ ಮಾತು ಗಟ್ಟಿಯಾದದ್ದಕ್ಕೆ ಇದೂ ಕಾರಣ.

ಆದರೆ ದಪ್ಪ ಚಸ್ಮಾದ ಕಷ್ಟ ಇನ್ನೂ ಉಳಿದಿತ್ತು. ಅದಕ್ಕೆ ಉತ್ತರ ಹೊಳೆದದ್ದು ಎರಡನೆಯ ಮಹಾಯುದ್ಧದ ವಿಮಾನ ಚಾಲಕರ ಗಾಯಗಳಲ್ಲಿ. ವಿಮಾನದ ಪ್ಲಾಸ್ಟಿಕ್ ಹೊದಿಕೆ ಚೂರಾಗಿ ಕಣ್ಣಿಗೆ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡಿದ್ದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ಜಾತಿಯ ಪ್ಲಾಸ್ಟಿಕ್ಕಿನ ಕೃತಕ ಮಸೂರವನ್ನು ಮೊದಲ ಬಾರಿ ಕಣ್ಣಿನೊಳಗೆ ಕೂರಿಸಿದರು. ಹಿರಿಯ ವೈದ್ಯರು ಅವರನ್ನು ವರ್ಷಗಟ್ಟಲೆ ಟೀಕಿಸಿದರು. 1967ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್, ಹಲ್ಲು ಶುಚಿಮಾಡುವ ಶ್ರವಣಾತೀತ ಕಂಪನದ ಯಂತ್ರ ನೋಡಿ, ಮಸೂರವನ್ನು ಪುಡಿಮಾಡಿ ಹೀರುವ ಫೇಕೋ ವಿಧಾನ ಕಂಡುಹಿಡಿದರು. ಕೃತಕ ಮಸೂರ, ಅಂದರೆ ಲೆನ್ಸ್, ನಮ್ಮ ಹಳ್ಳಿಗಳಿಗೆ ಮುಟ್ಟುವಂತಾದದ್ದು ಮಧುರೈಯಿಂದ. ಅರವಿಂದ ಕಣ್ಣಾಸ್ಪತ್ರೆ ಬಳಗದ ಅರೋಲ್ಯಾಬ್ 1992ರಿಂದ ಲೆನ್ಸನ್ನು ದೇಶದಲ್ಲೇ ತಯಾರಿಸಿ, ಆಮದು ಲೆನ್ಸಿನ ಸುಮಾರು ಹತ್ತನೇ ಒಂದು ಭಾಗದ ಬೆಲೆಗೆ ಇಳಿಸಿತು. ಬಡವರ ಮಟ್ಟಿಗೆ ಇದು ರಿಡ್ಲಿಯ ಶೋಧಕ್ಕಿಂತ ಕಡಿಮೆಯದಲ್ಲ.

ಅಷ್ಟರಲ್ಲಿ ವಿಜಯಪುರ ನಗರವೂ ಬದಲಾಗಿತ್ತು. ಅಲ್-ಅಮೀನ್ ವೈದ್ಯಕೀಯ ಕಾಲೇಜು 1984ರಲ್ಲಿ, ಬಿಎಲ್‌ಡಿಇ ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು 1986ರಲ್ಲಿ ಶುರುವಾದವು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆಯ ಚಿಕಿತ್ಸೆ ಉಚಿತ. ಈಗಿನ ಶಿಬಿರವೆಂದರೆ ತಪಾಸಣೆ ಮಾತ್ರ. ಬಬಲೇಶ್ವರದಲ್ಲೋ ಟಿಕೋಟಾದಲ್ಲೋ ಕಣ್ಣು ನೋಡಿ, ಶಸ್ತ್ರಕ್ರಿಯೆಗೆ ಸುಸಜ್ಜಿತ ಆಸ್ಪತ್ರೆಗೆ ಕರೆದೊಯ್ಯಬೇಕೆಂಬುದು ಸೋಂಕು ತಡೆಯಲೆಂದೇ ಬಂದ ನಿಯಮ.

ಕಾಯುವುದರ ಲೆಕ್ಕ ಈಗ ತಲೆಕೆಳಗಾಗಿದೆ. ಬಲಿತ ಮಸೂರ ಕಲ್ಲಿನಂತೆ ಗಟ್ಟಿಯಾಗಿ ಪುಡಿಮಾಡುವುದು ಕಷ್ಟವಾಗುತ್ತದೆ. ಅತಿಯಾಗಿ ಬಲಿತರೆ ಉಬ್ಬಿ ಅಥವಾ ಸೋರಿ ಕಣ್ಣಿನ ಒತ್ತಡ ಏರಬಹುದು. ಆಗ ಕೆಡುವ ದೃಷ್ಟಿನರ ಮತ್ತೆ ಸರಿಹೋಗದು. ಪೊರೆ ಬರುವ ಬಗೆಯೂ ಒಂದೇ ಅಲ್ಲ. ನಡುಭಾಗ ಗಟ್ಟಿಯಾದಾಗ ಕೆಲವು ಅಜ್ಜಿಯರಿಗೆ ಚಸ್ಮಾ ಇಲ್ಲದೆ ಸೂಜಿಗೆ ದಾರ ಪೋಣಿಸಲು ಬರತೊಡಗುತ್ತದೆ. ಕಣ್ಣು ಸುಧಾರಿಸಿತೆಂದು ಮನೆಯವರು ಹಿಗ್ಗುತ್ತಾರೆ, ಆದರೆ ಅದು ಪೊರೆಯ ಮೊದಲ ಗುರುತು. ಹಿಂಭಾಗ ಮಬ್ಬಾದವರಿಗೆ ಬಿಸಿಲಲ್ಲಿ, ಎದುರಿನ ಗಾಡಿಯ ಲೈಟಿನಲ್ಲಿ ಕಣ್ಣು ಕುಕ್ಕುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ, ಸ್ಟೀರಾಯ್ಡ್ ಔಷಧ ಬಹುಕಾಲ ತೆಗೆದುಕೊಂಡವರಲ್ಲಿ ಇದು ಹೆಚ್ಚು. ವರ್ಷಾನುಗಟ್ಟಲೆ ಬಿಸಿಲು, ಬೀಡಿ ಸಿಗರೇಟು, ಕಣ್ಣಿಗೆ ಬಿದ್ದ ಪೆಟ್ಟು ಕೂಡ ಪೊರೆಯನ್ನು ಬೇಗ ತರಬಲ್ಲವು. ದಿನದ ಕೆಲಸಕ್ಕೆ ತೊಡಕಾಗುವಷ್ಟು ಮಬ್ಬು ಬಂದರೆ ಅದೇ ಸರಿಯಾದ ಸಮಯ. ಯಾವ ತಿಂಗಳಾದರೂ ಸರಿ.

ಶಸ್ತ್ರಕ್ರಿಯೆಗೆ ಮೊದಲು ರಕ್ತದೊತ್ತಡ, ಸಕ್ಕರೆ ನೋಡಿ, ಕಣ್ಣಿನ ಉದ್ದ ಮತ್ತು ಪಾರದರ್ಶಕ ಪಟಲದ ಬಾಗನ್ನು ಅಳೆದು ಲೆನ್ಸಿನ ನಂಬರ್ ಲೆಕ್ಕಹಾಕುತ್ತಾರೆ. ಪ್ರಾಸ್ಟೇಟ್ ತೊಂದರೆಗೆ ಗುಳಿಗೆ ನುಂಗುವ ಗಂಡಸರು ಅದನ್ನು ತಪ್ಪದೆ ಹೇಳಬೇಕು. ಅಂಥ ಕೆಲವು ಔಷಧಗಳಿಂದ ಕಣ್ಣಿನ ಪಾಪೆ ಸರಿಯಾಗಿ ಹಿಗ್ಗದೆ ವೈದ್ಯರಿಗೆ ತೊಡಕಾಗುತ್ತದೆ. ಹನಿಯಿಂದಲೋ ಕಣ್ಣಿನ ಪಕ್ಕದ ಇಂಜೆಕ್ಷನ್ನಿನಿಂದಲೋ ಕಣ್ಣು ಮರಗಟ್ಟುತ್ತದೆ, ರೋಗಿ ಎಚ್ಚರವಾಗಿಯೇ ಇರುತ್ತಾರೆ. ಫೇಕೋದಲ್ಲಿ ಗಾಯ 3 ಮಿಲಿಮೀಟರಿಗಿಂತ ಕಿರಿದು. ಶಿಬಿರದ ರೋಗಿಗಳಿಗೆ ಹೆಚ್ಚಾಗಿ ಮಾಡುವ, ಯಂತ್ರ ಬೇಡದ ಇನ್ನೊಂದು ವಿಧಾನದಲ್ಲಿ 6ರಿಂದ 7 ಮಿಲಿಮೀಟರ್. ಅದೂ ಸಾಮಾನ್ಯವಾಗಿ ಹೊಲಿಗೆಯಿಲ್ಲದೆ ತಾನೇ ಮುಚ್ಚಿಕೊಳ್ಳುತ್ತದೆ, ಬಲಿತ ಪೊರೆಗೆ ಚೆನ್ನಾಗಿ ಒದಗುತ್ತದೆ. ಎರಡರಲ್ಲೂ ಮಸೂರದ ಚೀಲವನ್ನು ಉಳಿಸಿ ಅದರೊಳಗೆ ಲೆನ್ಸ್ ಇಡುತ್ತಾರೆ. ಹತ್ತಿಪ್ಪತ್ತು ನಿಮಿಷದ ಕೆಲಸ, ಬಹುತೇಕರು ಅದೇ ದಿನ ಅಥವಾ ಮರುದಿನ ಮನೆಗೆ ಹೋಗುತ್ತಾರೆ.

ಮನೆಯ ಆರೈಕೆಯಲ್ಲಿ ಮುಖ್ಯವಾದುದು ಹನಿ. ನಾಲ್ಕರಿಂದ ಆರು ವಾರ, ಕೈ ತೊಳೆದು, ಹೇಳಿದಷ್ಟು ಸಲ ಹಾಕಬೇಕು. ಕಣ್ಣು ಉಜ್ಜಬಾರದು. ಮೊದಲ ಕೆಲವು ವಾರ ತಲೆ ಮೇಲಿನ ನೀರು, ಒಲೆಯ ಹೊಗೆ, ರಾಶಿಯ ಧೂಳು, ದ್ರಾಕ್ಷಿ ತೋಟದ ಔಷಧ ಸಿಂಪಡಣೆ ಬೇಡ. ನಡೆಯುವುದಕ್ಕೆ, ಹಗುರ ಕೆಲಸಕ್ಕೆ, ಊಟಕ್ಕೆ ಅಡ್ಡಿಯಿಲ್ಲ. ದೂರದ ನೋಟಕ್ಕೆ ಹೊಂದಿಸಿದ ಸಾಮಾನ್ಯ ಲೆನ್ಸ್ ಹಾಕಿದರೆ ಓದಲು ಚಸ್ಮಾ ಬೇಕೇ ಬೇಕು. ಇದು ಶಸ್ತ್ರಕ್ರಿಯೆ ಕೆಟ್ಟುದರ ಲಕ್ಷಣವಲ್ಲ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಕೆಟ್ಟಿದ್ದರೆ ಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ನೋಟ ಪೂರ್ತಿ ಮರಳುವುದಿಲ್ಲ, ಅದನ್ನು ಮೊದಲೇ ಕೇಳಿ ತಿಳಿದುಕೊಂಡರೆ ಆಮೇಲೆ ಕೊರಗಿರದು. ನೋವು ಹೆಚ್ಚಾದರೆ, ಕಣ್ಣು ಕೆಂಪೇರಿದರೆ, ಬಂದ ನೋಟ ಮತ್ತೆ ಕುಗ್ಗಿದರೆ, ಮಿಂಚು ಹೊಡೆದಂತೆ ಅಥವಾ ಪರದೆ ಇಳಿದಂತೆ ಕಂಡರೆ ಮರುದಿನಕ್ಕೆಂದು ಕಾಯದೆ ಆ ಹೊತ್ತೇ ಆಸ್ಪತ್ರೆಗೆ ಹೋಗಬೇಕು. ಒಳಗಿನ ಸೋಂಕು ಅಪರೂಪ, ಆದರೆ ತಡಮಾಡಿದರೆ ಕಣ್ಣೇ ಹೋಗುತ್ತದೆ.

ಕೆಲವರಿಗೆ ತಿಂಗಳುಗಳ, ವರ್ಷಗಳ ಮೇಲೆ ಮತ್ತೆ ಮಬ್ಬು ಕವಿಯುತ್ತದೆ. 'ಪೊರಿ ತಿರುಗಿ ಬಂತು' ಎಂದು ಹೆದರುತ್ತಾರೆ. ತೆಗೆದ ಮಸೂರ ಮತ್ತೆ ಬೆಳೆಯುವುದಿಲ್ಲ. ಲೆನ್ಸಿನ ಹಿಂದೆ ಉಳಿಸಿದ ಚೀಲದ ಗೋಡೆ ಮಂಜಾಗಿರುತ್ತದೆ. ಯಾಗ್ ಲೇಸರಿನಿಂದ ಅದರ ನಡುವೆ ಕಿಂಡಿ ಮಾಡುವುದು ಕೆಲವೇ ನಿಮಿಷದ ಕೆಲಸ; ಕೊಯ್ಯುವುದಿಲ್ಲ, ಪಟ್ಟಿ ಕಟ್ಟುವುದಿಲ್ಲ.